ಜೀನ್ಸ್ ಎಂದರೆ ಪ್ಯಾಂಟೇ ಆಗಬೇಕೇ?

ಮಕ್ಕಳೇ, ನಮ್ಮ ಬಳ್ಳಾರಿ ಜೀನ್ಸ್ ಪ್ಯಾಂಟಿಗೆ ಹೆಸರಾದ ಊರು. ಇಂಗ್ಲಿಷಿನಲ್ಲಿ ಇನ್ನೊಂದು 'ಜೀನ್ಸ್' ಇದೆ. ಅಜ್ಜನ ಗುಂಗುರು ಕೂದಲು ಮೊಮ್ಮಗಳಿಗೂ ಬಂತೆಂದರೆ ಅದು ಆ ಜೀನ್ಸ್, ಅಂದರೆ ವಂಶವಾಹಿಗಳ ಕೆಲಸ! ಕಿವಿಗೆ ಎರಡೂ ಒಂದೇ. ಬರೆಯುವಾಗ ಮಾತ್ರ ಪ್ಯಾಂಟಿನದು 'ಜೆ' ಅಕ್ಷರದಿಂದ, ವಂಶದ್ದು 'ಜಿ'ಯಿಂದ ಶುರು. ಪ್ಯಾಂಟಿನ ಹೆಸರು ಇಟಲಿಯ ಜಿನೋವಾ ಪಟ್ಟಣದಿಂದ ಬಂತು. ಇನ್ನೊಂದು, 1909ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಯೋಹಾನ್ಸನ್ ಇಟ್ಟದ್ದು.

ಹಾಗೆಯೇ ಸಂಡೂರಿನ ಗಣಿಯ ಅದಿರೂ 'ಓರ್', ದೋಣಿಯ ಹುಟ್ಟೂ 'ಓರ್'. ಇವು ಧ್ವನಿಯಲ್ಲಷ್ಟೇ ನೆಂಟರು. ಡಿಕ್ಟೇಷನ್‌ನಲ್ಲಿ ಅಂಕ ಹೋಗುವುದು ಇಲ್ಲೇ. ವಾಕ್ಯ ಪೂರ್ತಿ ಕೇಳಿ, ಆಮೇಲೆ ಬರೆಯಿರಿ.

ಅರ್ಥದಲ್ಲಿ ನೆಂಟರಾದ ಪದಗಳೂ ಇವೆ. ಕುರುಗೋಡಿನ ದೊಡ್ಡಬಸವೇಶ್ವರನನ್ನು ನೋಡಿದವರು 'ಬಿಗ್', 'ಲಾರ್ಜ್', 'ಹ್ಯೂಜ್' ಎಂದು ಮೂರು ಬಗೆಯಲ್ಲಿ ಹೇಳಬಹುದು. ಮೂರರಲ್ಲಿ 'ಹ್ಯೂಜ್'ಗೆ ತೂಕ ಹೆಚ್ಚು. ಆದರೆ ದೊಡ್ಡಣ್ಣನನ್ನು 'ಬಿಗ್ ಬ್ರದರ್' ಎನ್ನುತ್ತಾರೆ, 'ಲಾರ್ಜ್ ಬ್ರದರ್' ಎಂದರೆ ನಗುತ್ತಾರೆ. ನೆಂಟರಾದರೂ ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಕೂರುವಂತಿಲ್ಲ.

ಕೆಲವೆಡೆ ಕನ್ನಡವೇ ಶ್ರೀಮಂತ. ಸಿರುಗುಪ್ಪದ ಗದ್ದೆಯಲ್ಲಿ ಭತ್ತ, ಮಿಲ್ಲಿನಿಂದ ಬಂದರೆ ಅಕ್ಕಿ, ಬೆಂದರೆ ಅನ್ನ. ಇಂಗ್ಲಿಷಿನಲ್ಲಿ ಭತ್ತಕ್ಕೆ 'ಪ್ಯಾಡಿ' ಇದೆ. ಅಕ್ಕಿಗೂ ಅನ್ನಕ್ಕೂ ಸಾಮಾನ್ಯವಾಗಿ 'ರೈಸ್' ಒಂದೇ.

ಅಜ್ಜ ಅಜ್ಜಿಯರೇ, ಇಂಗ್ಲಿಷ್ ಬಾರದೆಂದು ಹಿಂದೆ ಸರಿಯಬೇಡಿ. ಗುಡ್ಡಕ್ಕೂ ಬೆಟ್ಟಕ್ಕೂ, ಹಳ್ಳಕ್ಕೂ ಹೊಳೆಗೂ ಇರುವ ವ್ಯತ್ಯಾಸ ನೀವು ಹೇಳಿಕೊಡಿ. ಅವಕ್ಕೆ ಸರಿಹೊಂದುವ ಇಂಗ್ಲಿಷ್ ಪದಗಳನ್ನು ಮೊಮ್ಮಕ್ಕಳು ನಿಘಂಟಿನಲ್ಲಿ ಹುಡುಕಲಿ. ಈ ಭಾನುವಾರ ಐದು ಜೋಡಿ ಸಾಕು!