ಕಚೇರಿಗೆ ಬಾರದವರ ಲೆಕ್ಕ

ಒಂದು ತಾಲ್ಲೂಕಿನ ಸಾಂತ್ವನ ಕೇಂದ್ರಕ್ಕೆ ವರ್ಷವಿಡೀ ಬೆರಳೆಣಿಕೆಯ ದೂರುಗಳು ಬಂದವೆನ್ನಿ. ಗಂಡನ ಹೊಡೆತ ತಿನ್ನುವವರು ಅಲ್ಲಿ ಅಷ್ಟೇ ಮಂದಿ ಎಂದು ಬರೆದುಕೊಳ್ಳಬಹುದೇ? ಬಂದ ಅರ್ಜಿಗಳನ್ನಷ್ಟೇ ಎಣಿಸಿದರೆ, ನೆರವು ಯಾರಿಗೆ ಹೆಚ್ಚು ಬೇಕೋ ಅವರೇ ಲೆಕ್ಕದಿಂದ ಬಿಟ್ಟುಹೋಗುತ್ತಾರೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತನ್ನು (2019–21) ನೋಡಿ. ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ವಿವಾಹಿತೆಯರ ಪೈಕಿ ಶೇಕಡಾ 44.4ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ತಿಳಿಸಿದರು. ಹಿಂದಿನ ಸುತ್ತಿನಲ್ಲಿ (2015–16) ಇದು 20.6 ಇತ್ತು. ಲಾಕ್‌ಡೌನ್ ಕಾರಣವಿರಬಹುದೆಂದು ನಿಮಗನ್ನಿಸೀತು. ಆದರೆ ನಮ್ಮ ರಾಜ್ಯದ ಸಮೀಕ್ಷೆ 2019ರಲ್ಲೇ ಮುಗಿದಿತ್ತು. ಹೆಚ್ಚಿದ್ದು ಹಿಂಸೆಯೋ, ಹೇಳಿಕೊಳ್ಳುವ ಧೈರ್ಯವೋ ಎಂಬುದನ್ನು ಬರಿಯ ಅಂಕಿಯಿಂದ ತೀರ್ಮಾನಿಸಲಾಗದು. ದೇಶದಲ್ಲಿ ಇಂಥ ಹಿಂಸೆ ಕಂಡ ಹೆಂಗಸರಲ್ಲಿ ನೆರವು ಕೇಳಿದವರು ಶೇಕಡಾ 14 ಮಾತ್ರ. ಶೇಕಡಾ 77 ಮಂದಿ ನೆರವೂ ಕೇಳಿರಲಿಲ್ಲ, ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ. 49 ದಾಟಿದವರನ್ನಂತೂ ಈ ಪ್ರಶ್ನೆ ಕೇಳಿಯೇ ಇಲ್ಲ!

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಗೆಂದು 2005ರಲ್ಲಿ ಕಾಯ್ದೆ ಬಂದು, 2006ರ ಅಕ್ಟೋಬರ್‌ನಲ್ಲಿ ಜಾರಿಯಾಯಿತು. ರಕ್ಷಣೆ, ವಾಸದ ಹಕ್ಕು, ಜೀವನಾಂಶ ಎಲ್ಲವೂ ಅದರಲ್ಲಿವೆ. ನಮ್ಮಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು. ಅಂಗನವಾಡಿಗಳ ಹೊರೆಯೂ ಅವರದೇ!

ಈಗ ಕಾಫಿ ತೋಟದ ಲೈನ್‌ಮನೆಯಲ್ಲಿರುವ ಒಬ್ಬ ಕೂಲಿಯಾಳನ್ನು ಊಹಿಸಿಕೊಳ್ಳಿ. ತಾಲ್ಲೂಕು ಕೇಂದ್ರಕ್ಕೆ ಹೋಗಿಬಂದರೆ ಆ ದಿನದ ಕೂಲಿ ಖೋತಾ. ಮನೆ ತೋಟದ ಮಾಲೀಕರದು. ಗಂಡನ ಕೆಲಸ ಹೋದರೆ ಅವಳ ತಲೆಯ ಮೇಲಿನ ಸೂರೂ ಹೋದೀತು. ಅವಳಿಗೆ ಮೊದಲು ಬೇಕಾದದ್ದು ವಕೀಲರಲ್ಲ, ಮಕ್ಕಳೊಡನೆ ಮಲಗಲು ಒಂದು ಜಾಗ. ಕಿವುಡ ಹೆಣ್ಣುಮಗಳಿಗಾದರೋ ದೂರವಾಣಿಯ ನೆರವು ದಕ್ಕದು, ಸನ್ನೆಭಾಷೆ ಬಲ್ಲವರೇ ಬೇಕು. ಹೊರರಾಜ್ಯದಿಂದ ಬಂದು ನಗರದ ಕಟ್ಟಡದ ಕೆಲಸಕ್ಕೆ ಸೇರಿದವಳಿಗೆ ಅರ್ಜಿಯ ಭಾಷೆಯೇ ತಿಳಿಯದು. ಸಮುದಾಯದ ಅಗತ್ಯಗಳನ್ನು ಅಳೆಯುವುದೆಂದರೆ ಹೀಗೆ ಒಂದೊಂದು ಅಡ್ಡಿಯನ್ನೂ ಹುಡುಕಿ ಹೆಸರಿಸುವುದು. ಈ ಶತಮಾನದ ಆರಂಭದಲ್ಲಿ ಮುಂಬಯಿಯ ಬಾಂದ್ರಾದಲ್ಲಿ, ನಗರಪಾಲಿಕೆಯ ಭಾಭಾ ಆಸ್ಪತ್ರೆಯೊಳಗೇ ‘ದಿಲಾಸಾ’ ಎಂಬ ಸಮಾಲೋಚನಾ ಕೇಂದ್ರ ತೆರೆದದ್ದು ಇಂಥ ಯೋಚನೆಯಿಂದಲೇ. ಠಾಣೆಯ ಮೆಟ್ಟಿಲು ಹತ್ತದವಳೂ ಗಾಯಕ್ಕೆ ಔಷಧಿ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಬರುತ್ತಾಳಲ್ಲ!

ಅಳೆಯುವ ಕೆಲಸದಲ್ಲಿ ಒಂದು ಅಪಾಯವಿದೆ. ಚಮಚದಷ್ಟು ಬಿಸಿನೀರಿಗೆ ತಾಪಮಾಪಕ ಅದ್ದಿದರೆ ನೀರೇ ತಣ್ಣಗಾಗುತ್ತದೆಂದು ನೀವು ಪ್ರಯೋಗಶಾಲೆಯಲ್ಲಿ ಕಲಿತಿರುತ್ತೀರಿ. ಇಲ್ಲೂ ಹಾಗೆಯೇ. ಅತ್ತೆಯ ಎದುರು ಕೇಳಿದ ಪ್ರಶ್ನೆ ಆ ರಾತ್ರಿಯ ಹೊಡೆತಕ್ಕೆ ಕಾರಣವಾದೀತು. ಅದಕ್ಕೇ ಕುಟುಂಬ ಆರೋಗ್ಯ ಸಮೀಕ್ಷೆಯವರು ಈ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬಳಿಗೆ ಮಾತ್ರ, ಏಕಾಂತದಲ್ಲಿ ಕೇಳುತ್ತಾರೆ. ಏಕಾಂತ ಸಿಗದಿದ್ದರೆ ಕೈಬಿಡುತ್ತಾರೆ.

ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹೋದಾಗ ನೀವು ಮನೆಮನೆಯಲ್ಲಿ “ಗಂಡ ಹೊಡೆಯುತ್ತಾನೆಯೇ?” ಎಂದು ಕೇಳಬೇಡಿ. ಕಡೆಯ ಬಸ್ಸು ಎಷ್ಟು ಗಂಟೆಗೆ, ಊರಿನ ಹೆಂಗಸರ ಕೈಯಲ್ಲಿ ಸ್ವಂತ ಫೋನ್ ಇದೆಯೇ, ಹತ್ತಿರದ ಆಸ್ಪತ್ರೆಯಲ್ಲಿ ಮಹಿಳಾ ಸಿಬ್ಬಂದಿ ಇದ್ದಾರೆಯೇ ಎಂದು ಬರೆದುಕೊಳ್ಳಿ. ಯಾರಾದರೂ ತಾವಾಗಿಯೇ ಹೇಳಿಕೊಂಡರೆ ಹೆಸರು ಬರೆಯದೆ ಕೇಳಿಸಿಕೊಳ್ಳಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಇವೆರಡೂ ಹೊರಡುವ ಮುಂಚೆಯೇ ನಿಮಗೆ ಬಾಯಿಪಾಠವಾಗಿರಲಿ.