ಬಣ್ಣ ಮಾಸಿದಷ್ಟೂ ಲೆಕ್ಕ

ವಿದ್ಯಾರ್ಥಿಗಳು ಟೈಟ್ರೇಷನ್‌ಗೆಂದು ಬಳಸುವ ಫಿನಾಫ್ತಲೀನ್‌ನಿಂದಲೇ ಇನ್ನೊಂದು ಸೊಗಸಾದ ಕೆಲಸ ಮಾಡಬಹುದು: ಎರಡು ಅಣುಗಳು ನೀರಿನಲ್ಲಿ ಎಷ್ಟು ಬಿಗಿಯಾಗಿ ಕೂಡಿಕೊಳ್ಳುತ್ತವೆ ಎಂದು ಅಳೆಯುವುದು.

ಜೊತೆಗಾರ ಅಣು ಬೀಟಾ ಸೈಕ್ಲೋಡೆಕ್ಸ್ಟ್ರಿನ್. ಪಿಷ್ಟದಿಂದ ತಯಾರಾಗುವ ಈ ಬಗೆಯ ಸಕ್ಕರೆಯನ್ನು ಫ್ರಾನ್ಸಿನ ವಿಲಿಯೆ 1891ರಲ್ಲೇ ಗುರುತಿಸಿದ್ದರು. 7 ಗ್ಲೂಕೋಸ್ ಘಟಕಗಳು ಉಂಗುರವಾಗಿ ಸೇರಿ ತಳವಿಲ್ಲದ ಪುಟ್ಟ ಲೋಟದಂತೆ ನಿಲ್ಲುತ್ತವೆ. ಹೊರಮೈಗೆ ನೀರು ಒಗ್ಗುತ್ತದೆ, ಒಳಮೈಗೆ ಅಷ್ಟಾಗಿ ಒಗ್ಗದು. ಹಾಗಾಗಿ ನೀರಿನಿಂದ ದೂರ ಸರಿಯಬಯಸುವ ಅಣುಗಳು ಒಳಗೆ ಸೇರುತ್ತವೆ. ಫಿನಾಫ್ತಲೀನ್ ಒಳಹೊಕ್ಕಾಗ ಅದರ ರಚನೆಯೇ ಬದಲಾಗಿ ಗುಲಾಬಿ ಬಣ್ಣ ಹೋಗುತ್ತದೆ.

ಪಿಎಚ್ 10.5ರ ಕಾರ್ಬೊನೇಟ್ ಬಫರ್‌ನಲ್ಲಿ ಬಣ್ಣದ ದ್ರಾವಣ ಮಾಡಿ, ಸ್ಪೆಕ್ಟ್ರೋಫೋಟೋಮೀಟರನ್ನು ಸುಮಾರು 550 ನ್ಯಾನೋಮೀಟರಿಗೆ ಹೊಂದಿಸಿ. ಬೋರ್‌ವೆಲ್ ನೀರು ಬೇಡ. ಗಡಸು ನೀರಿನ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಕದಡುತ್ತದೆ. ಪ್ರತಿ ಕೊಳವೆಗೂ ಒಂದೇ ಪ್ರಮಾಣದ ಬಣ್ಣ, ಏರುತ್ತ ಹೋಗುವ ಪ್ರಮಾಣದ ಉಂಗುರ ಸಕ್ಕರೆ ಹಾಕಿ. ಒಂದರಲ್ಲಿ ಉಂಗುರ ಸಕ್ಕರೆಯ ಬದಲು ಬರೀ ಗ್ಲೂಕೋಸ್ ಇರಲಿ. ಅದರಲ್ಲೂ ಬಣ್ಣ ಕುಗ್ಗಿದರೆ ದೋಷ ಬಫರಿನದು.

ಲೆಕ್ಕ ಎಡವುವುದು ಇಲ್ಲಿ. ಬಣ್ಣ 30 ಮೈಕ್ರೋಮೋಲಾರ್ ಇದ್ದು, ಸಕ್ಕರೆ 65 ಆದಾಗ ಬಣ್ಣ ಅರ್ಧಕ್ಕೆ ಇಳಿಯಿತು ಎನ್ನೋಣ. ಬಣ್ಣದ 15 ಪಾಲು ಒಳಗಿದೆ, 15 ಹೊರಗಿದೆ. ಒಳಗಿರುವ 15ಕ್ಕೆ ಅಷ್ಟೇ ಸಕ್ಕರೆ ಖರ್ಚಾಗಿದೆ. ಖಾಲಿ ಉಳಿದದ್ದು 50 ಮಾತ್ರ. ಅರ್ಧ ಬಣ್ಣ ಸೆರೆಯಾದಾಗ ಖಾಲಿ ಸಕ್ಕರೆಯ ಸಾಂದ್ರತೆಯ ವಿಲೋಮವೇ ಬಂಧನ ಸ್ಥಿರಾಂಕ: ಮೋಲಿಗೆ ಲೀಟರ್ ಲೆಕ್ಕದಲ್ಲಿ 20,000. ಮೊತ್ತ 65ನ್ನೇ ಹಾಕಿದರೆ 15,400 ಬರುತ್ತದೆ, ತಪ್ಪು ಉತ್ತರ. ಒಂದೇ ಬಿಂದುವನ್ನು ನಂಬದೆ ಎಲ್ಲ ಕೊಳವೆಗಳ ಅಳತೆಗೂ ಹೊಂದುವ ರೇಖೆ ಎಳೆಯಬೇಕು.

ಉಷ್ಣತೆ ಸ್ಥಿರವಾಗಿರಲೇಬೇಕು, ಕಾಯಿಸಿದರೆ ಬಂಧ ಸಡಿಲಿ ಗುಲಾಬಿ ಮರಳುತ್ತದೆ. ಇದನ್ನು ತರಗತಿಯಲ್ಲಿ ತೋರಿಸಿದರೆ ಮಕ್ಕಳ ಕಣ್ಣು ಅರಳುತ್ತದೆ.

ಈ ವಿಧಾನದ ನಿಜವಾದ ಬೆಲೆ ಬಣ್ಣವಿಲ್ಲದ ಅಣುಗಳನ್ನು ಅಳೆಯುವುದರಲ್ಲಿದೆ. ಮಾಸಿದ ದ್ರಾವಣಕ್ಕೆ ಔಷಧದ ಅಣು ಸೇರಿಸಿದರೆ ಅದು ಫಿನಾಫ್ತಲೀನನ್ನು ಹೊರದಬ್ಬುತ್ತದೆ; ಮರಳಿದ ಗುಲಾಬಿಯೇ ಅದರ ಬಿಗಿತದ ಅಳತೆ. ನೀರಿನಲ್ಲಿ ಕರಗದ ಔಷಧಗಳನ್ನು ಕರಗಿಸಲು ಈ ಸಕ್ಕರೆಗಳನ್ನು ಬಳಸುವುದರಿಂದ ಈ ಲೆಕ್ಕ ಕಾರ್ಖಾನೆಗೂ ಬೇಕು. ರಸಾಯನಶಾಸ್ತ್ರದ ಮೇಷ್ಟ್ರುಗಳೇ, ಟೈಟ್ರೇಷನ್ ಮುಗಿದ ಮೇಲೆ ಒಂದು ತರಗತಿಯನ್ನು ಇದಕ್ಕೆ ಕೊಡಿ.