ಶಿಶಿರದ ಎಲೆಗೊಂದು ಕ್ಯಾಮೆರಾ

ಹಳೆಯ ಫೋಟೊ ಸ್ಟುಡಿಯೋಗಳ ಗೋಡೆಯಲ್ಲಿ, ಕಟಿಂಗ್ ಶಾಪಿನ ಕನ್ನಡಿಯ ಮಗ್ಗುಲಲ್ಲಿ, ಅಕ್ಟೋಬರ್ ತಿಂಗಳ ಕ್ಯಾಲೆಂಡರ್ ಹಾಳೆಯಲ್ಲಿ ಆ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಕೆಂಡದಂತೆ ಕೆಂಪಾದ ಮೇಪಲ್ ಮರಗಳ ಸಾಲು, ನಡುವೆ ಎಲೆ ಹಾಸಿದ ದಾರಿ, ದೂರದಲ್ಲೊಂದು ಖಾಲಿ ಬೆಂಚು. ಕೆನಡಾವೋ ಜಪಾನೋ, ಅಂತೂ ನಮ್ಮ ಊರಲ್ಲ. ಆ ಚಿತ್ರ ನೋಡುತ್ತ ಬೆಳೆದ ನಮಗೆ ಎಲೆ ಬಣ್ಣಗೂಡುವುದೆಂದರೆ ಪರದೇಶದ ಸಂಗತಿ, ವೀಸಾ ಇದ್ದವರಿಗೆ ಮಾತ್ರ ಸಿಗುವ ಭಾಗ್ಯ ಎಂಬ ಭಾವನೆ ಬೇರೂರಿಬಿಟ್ಟಿದೆ.

ನಿಜ ಹಾಗಿಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಹೋಗಿಬರುವವರ ಕಣ್ಣೆದುರೇ ಪ್ರತಿವರ್ಷ ಈ ಬಣ್ಣದ ಜಾತ್ರೆ ನಡೆಯುತ್ತದೆ. ನಾವು ಅದನ್ನು ತಪ್ಪು ತಿಂಗಳಲ್ಲಿ ಹುಡುಕುತ್ತೇವೆ, ಅಷ್ಟೆ.

ಋತುವಿನ ಲೆಕ್ಕ

ಇಂಗ್ಲಿಷಿನ 'ಆಟಮ್' ಅನ್ನು ನಾವು 'ಶರತ್ಕಾಲ' ಎಂದು ಕನ್ನಡಿಸಿಕೊಂಡಿದ್ದೇವೆ. ಆದರೆ ನಮ್ಮ ಶರದೃತು ಆಶ್ವಯುಜ–ಕಾರ್ತಿಕದ ಕಾಲ. ಮಳೆ ಹಿಂದೆಗೆದು, ಆಕಾಶ ತೊಳೆದಿಟ್ಟಂತಾಗಿ, ಗದ್ದೆಯಲ್ಲಿ ಭತ್ತ ತೆನೆ ಕಟ್ಟುವ ಹೊತ್ತು. ಆಗ ಮಲೆನಾಡಿನ ಮರವೊಂದಕ್ಕೂ ಎಲೆ ಉದುರಿಸುವ ಯೋಚನೆ ಇರುವುದಿಲ್ಲ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ, ಅಂದರೆ ಮಾಘ–ಫಾಲ್ಗುಣದಲ್ಲಿ. ಜನವರಿಯಿಂದ ಮಾರ್ಚ್ ನಡುವೆ ಎಂದಿಟ್ಟುಕೊಳ್ಳಿ.

ಏಕೆ ಹೀಗೆ? ತಣ್ಣನೆಯ ದೇಶಗಳ ಮರ ಚಳಿಗೆ ಹೆದರಿ ಎಲೆ ಕಳಚುತ್ತದೆ. ಹಗಲು ಚಿಕ್ಕದಾಗುವುದೇ ಅದಕ್ಕೆ ಸೂಚನೆ. ನಮ್ಮ ಮರಕ್ಕೆ ಚಳಿಯ ಭಯವಿಲ್ಲ, ಬಾಯಾರಿಕೆಯ ಭಯ. ಒಂದೊಂದು ಎಲೆಯೂ ನೀರನ್ನು ಆವಿಯಾಗಿಸುವ ಬಾಗಿಲು. ನೆಲದ ತೇವ ಇಳಿಯುತ್ತಿದ್ದಂತೆ ಮರ ಆ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತದೆ. ಎಲೆಯಲ್ಲಿದ್ದ ಪತ್ರಹರಿತ್ತು ಒಡೆದು, ಸಾರವೆಲ್ಲ ಕೊಂಬೆಗೆ ಮರಳುತ್ತದೆ. ಅಲ್ಲಿಯವರೆಗೆ ಹಸಿರಿನ ಹಿಂದೆ ಅಡಗಿದ್ದ ಹಳದಿ ಹೊರಬೀಳುತ್ತದೆ. ತೊಟ್ಟಿನ ಬುಡದಲ್ಲಿ ತೆಳುವಾದ ಬಿಡುಗಡೆಯ ಪದರ ಬೆಳೆದು, ಒಂದು ಸಣ್ಣ ಗಾಳಿ ಬೀಸಿದರೆ ಸಾಕು, ಎಲೆ ನೆಲಕ್ಕೆ.

ಇಡೀ ಜಿಲ್ಲೆ ಹೀಗೆ ಬೋಳಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಪಶ್ಚಿಮದ ತುದಿಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸಿನ ಮಳೆ. ಅಲ್ಲಿನ ಕಾಡು ನಿತ್ಯಹಸಿರು. ಶಿವಮೊಗ್ಗ ಪಟ್ಟಣದಲ್ಲಿ ಮಳೆ ಸಾವಿರ ಮಿಲಿಮೀಟರಿನ ಸುತ್ತಮುತ್ತ. ಇಲ್ಲಿಂದ ಭದ್ರಾವತಿ, ಲಕ್ಕವಳ್ಳಿಯ ಕಡೆಗೆ ಹಬ್ಬಿರುವುದು ಎಲೆ ಉದುರುವ ಕಾಡು. ತೇಗ, ಮತ್ತಿ, ಹೊನ್ನೆ, ನಂದಿ, ದಿಂಡಿಗ, ಮುತ್ತುಗ, ಬೂರುಗಗಳ ರಾಜ್ಯ. ಬಣ್ಣ ಬೇಕೆಂದು ಘಟ್ಟದ ತುದಿಗೆ ಓಡುವವರು ಮನೆಬಾಗಿಲಿನ ಸಂಪತ್ತನ್ನು ಬಿಟ್ಟು ಹೋಗುತ್ತಾರೆ.

ಸಾವಿನ ಕೆಂಪು, ಹುಟ್ಟಿನ ಕೆಂಪು

ಮೇಪಲ್ಲಿನ ಕೆಂಪು ಉದುರುವ ಎಲೆಯದು. ನಮ್ಮಲ್ಲೂ ಅಂಥ ಮರಗಳಿಲ್ಲದಿಲ್ಲ. ಶಾಲೆಯ ಅಂಗಳದಲ್ಲಿ, ಬಡಾವಣೆಯ ರಸ್ತೆಯಂಚಿನಲ್ಲಿ ಕೊಡೆ ಬಿಚ್ಚಿದಂತೆ ನಿಲ್ಲುವ ಕಾಡುಬಾದಾಮಿಯನ್ನು ನೋಡಿ. ಉದುರುವ ಮುನ್ನ ಅದರ ಅಗಲ ಎಲೆಗಳು ಹಳದಿ, ಕಿತ್ತಳೆ, ದಾಸವಾಳದ ಕೆಂಪು ಎಲ್ಲವನ್ನೂ ಹಾದುಹೋಗುತ್ತವೆ. ಕಾಡಂಚಿನ ಕವಲು ಮರವೂ ಚಳಿಗಾಲದಲ್ಲಿ ಕೆಂಪೇರುತ್ತದೆ.

ಆದರೆ ನಮ್ಮ ನಾಡಿನ ನಿಜವಾದ ಕೆಂಪು ಚಿಗುರಿನದು. ಮಾರ್ಚಿನಲ್ಲಿ ಸಾಗಡೆ ಮರ ಚಿಗುರಿದರೆ ಹೂ ಬಿಟ್ಟಿತೇ ಎಂದು ದಾರಿಹೋಕರು ನಿಂತು ನೋಡಬೇಕು, ಅಷ್ಟು ಕೆಂಪು. ಅರಳಿಯ ಚಿಗುರು ತಾಮ್ರದ ಬಣ್ಣ, ಮಾವಿನದು ಕಂದುಗೆಂಪು. ಎಳೆಯ ಎಲೆಯನ್ನು ಸುಡುಬಿಸಿಲಿನಿಂದಲೂ ಹುಳುಗಳಿಂದಲೂ ಕಾಪಾಡಲು ಈ ಕೆಂಪು ನೆರವಾಗುತ್ತದೆ ಎನ್ನುತ್ತಾರೆ ಸಸ್ಯವಿಜ್ಞಾನಿಗಳು. ಒಂದೆಡೆ ಉದುರುವ ಹಳದಿ, ಪಕ್ಕದಲ್ಲೇ ಹುಟ್ಟುವ ಕೆಂಪು. ಎರಡೂ ಒಂದೇ ಚೌಕಟ್ಟಿನಲ್ಲಿ ಸಿಗುವುದು ನಮ್ಮಂಥ ನಾಡುಗಳಲ್ಲಿ. ಚಳಿದೇಶದಲ್ಲಿ ಇವೆರಡರ ನಡುವೆ ಹಿಮ ಬಿದ್ದ ತಿಂಗಳುಗಳೇ ಕಳೆಯಬೇಕು.

ಎಲ್ಲಿ ನಿಲ್ಲಬೇಕು?

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು, ಅದರಾಚೆ ಸಕ್ರೆಬೈಲು. ಆನೆಗಳ ಬೆಳಗಿನ ಸ್ನಾನ ನೋಡಲು ಜನ ಸೇರುತ್ತಾರೆ. ಎಲ್ಲರ ಕ್ಯಾಮೆರಾ ಆನೆಯತ್ತ ತಿರುಗಿದ್ದಾಗ ನೀವು ಒಂದು ಗಳಿಗೆ ಹಿನ್ನೀರಿನ ಆಚೆ ದಡವನ್ನು ನೋಡಿ. ಚಳಿಗಾಲದ ಮುಂಜಾನೆ ನೀರಿನ ಮೇಲೆ ಮಂಜು ಹಾಸಿರುತ್ತದೆ. ಅರ್ಧ ಬೋಳಾದ ಮರಗಳು ಅದರಲ್ಲಿ ಮಸಿಯ ಗೀಟುಗಳಂತೆ ಕಾಣುತ್ತವೆ.

ಇನ್ನೊಂದು ದಿಕ್ಕಿಗೆ ಕೂಡ್ಲಿ. ತುಂಗೆ, ಭದ್ರೆ ಸೇರಿ ತುಂಗಭದ್ರೆಯಾಗುವ ಜಾಗ. ಹಬ್ಬದ ದಿನ ಬಿಟ್ಟು ಹೋದರೆ ಸಂಗಮದಲ್ಲಿ ನೀರಿನ ಸದ್ದಲ್ಲದೆ ಬೇರೆ ಸದ್ದಿಲ್ಲ. ಕಲ್ಲಿನ ಮೆಟ್ಟಿಲ ಮೇಲೆ ಬಿದ್ದ ಒಂದೇ ಒಂದು ಅರಳಿ ಎಲೆ ಸಾಕು ಚಿತ್ರಕ್ಕೆ. ಭದ್ರಾವತಿಯಲ್ಲಾದರೆ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯದ ನಕ್ಷತ್ರಾಕಾರದ ಜಗತಿ ಇದೆ. ಬೂದುಬಣ್ಣದ ಕಲ್ಲಿನ ಮೇಲೆ ಹಳದಿ ಎಲೆ ಬಿದ್ದರೆ ಎಷ್ಟು ಎದ್ದು ಕಾಣುತ್ತದೆಂಬುದನ್ನು ಅಲ್ಲಿ ನೋಡಿಯೇ ತಿಳಿಯಬೇಕು.

ಕಾಡೇ ಬೇಕೆನ್ನುವವರಿಗೆ ಭದ್ರಾ ಅಭಯಾರಣ್ಯ. 1951ರಲ್ಲಿ ಜಾಗರ ಕಣಿವೆಯ ಹೆಸರಿನಲ್ಲಿ ಆರಂಭವಾಗಿ, 1974ರಲ್ಲಿ ವಿಸ್ತಾರಗೊಂಡು ಈಗಿನ ಹೆಸರು ಪಡೆದ ಇದು 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗೆ ಅರಣ್ಯ ಇಲಾಖೆ ಒಪ್ಪಿದ ವಾಹನದಲ್ಲೇ ಹೋಗಬೇಕು, ಇಳಿದು ಓಡಾಡುವಂತಿಲ್ಲ. ಆದರೆ ಅಭಯಾರಣ್ಯದ ಹೊರಗೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸುತ್ತಲ ರಸ್ತೆಗಳ ಅಂಚಿನಲ್ಲೂ ಇದೇ ಜಾತಿಯ ಮರಗಳು ಸಿಗುತ್ತವೆ.

ಬೆಳಕು ಹಿಡಿಯುವ ಬಗೆ

ಎಲೆಯ ಚಿತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಬೆಳಕಿನದು. ಜನವರಿಯಲ್ಲಿ ಇಲ್ಲಿ ಸೂರ್ಯ ಏಳುವುದು ಏಳು ಗಂಟೆಯ ಆಸುಪಾಸು. ಅಲ್ಲಿಂದ ಒಂಬತ್ತರವರೆಗೆ, ಮತ್ತೆ ಸಂಜೆ ನಾಲ್ಕೂವರೆಯ ಮೇಲೆ ಬೆಳಕು ಓರೆಯಾಗಿ ಬೀಳುತ್ತದೆ. ನಡುಹಗಲಿನ ಬಿಸಿಲು ಎಲೆಯ ಮೇಲೆ ಬಿಳಿ ಹೊಳಪು ಚೆಲ್ಲಿ ಬಣ್ಣ ತಿಂದುಹಾಕುತ್ತದೆ.

ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಬೇಕೆಂಬ ಹಳೆಯ ಪಾಠವನ್ನು ಇಲ್ಲಿ ಮರೆಯಿರಿ. ಎಲೆ ನಿಮ್ಮ ಮತ್ತು ಸೂರ್ಯನ ನಡುವೆ ಇರಲಿ. ಬೆಳಕು ಎಲೆಯನ್ನು ಹಾದು ಬಂದಾಗ ನರನರವೂ ದೀಪ ಹಚ್ಚಿದಂತೆ ಬೆಳಗುತ್ತದೆ. ಹಿಂದೆ ನೆರಳಿನ ಕಾಂಡವೊಂದಿದ್ದರೆ ಇನ್ನೂ ಚೆನ್ನ. ಅಂಥ ಕಡೆ ಕ್ಯಾಮೆರಾ ಕಪ್ಪನ್ನು ನೋಡಿ ಮೋಸಹೋಗಿ ಎಲೆಯನ್ನು ಬೆಳ್ಳಗೆ ಮಾಡುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿ. ಮೊಬೈಲಿನಲ್ಲಾದರೆ ಎಲೆಯ ಮೇಲೆ ಬೆರಳೊತ್ತಿ ಬೆಳಕಿನ ಗುರುತನ್ನು ಕೆಳಗೆ ಜಾರಿಸಿದರೆ ಅದೇ ಕೆಲಸ ಆಗುತ್ತದೆ. ವೈಟ್ ಬ್ಯಾಲೆನ್ಸ್ ತನ್ನಷ್ಟಕ್ಕೆ ಬಿಟ್ಟರೆ ಬೆಳಗಿನ ಹೊಂಬಣ್ಣವನ್ನು ದೋಷವೆಂದು ತಿಳಿದು ತಿದ್ದಿಬಿಡಬಹುದು. 'ಡೇಲೈಟ್' ಎಂದು ಗೊತ್ತುಮಾಡಿ. ಇಬ್ಬನಿ ಬಿದ್ದ ಎಲೆಯ ಹೊಳಪು ತಗ್ಗಿಸಲು ಪೋಲರೈಸರ್ ಫಿಲ್ಟರ್ ಬಲು ಉಪಕಾರಿ.

ನೆಲವನ್ನೂ ನೋಡಿ. ತೇಗದ ಎಲೆಯ ಹಸಿರು ಭಾಗವನ್ನೆಲ್ಲ ಹುಳು ತಿಂದು, ನರಗಳ ಬಲೆಯನ್ನಷ್ಟೇ ಉಳಿಸಿರುತ್ತದೆ. ರೈತನಿಗೂ ಅರಣ್ಯ ಇಲಾಖೆಗೂ ಅದು ರೋಗ, ಛಾಯಾಗ್ರಾಹಕನಿಗೆ ಕಸೂತಿ. ಆದರೆ ಚಿತ್ರಕ್ಕಾಗಿ ಕೊಂಬೆ ಅಲ್ಲಾಡಿಸಿ ಎಲೆ ಉದುರಿಸುವುದು, ಹೂ ತಂದು ಎಲೆಯ ಮೇಲಿಡುವುದು ಬೇಡ. ಜೋಡಿಸಿದ್ದು ಚಿತ್ರದಲ್ಲಿ ಗೊತ್ತಾಗಿಯೇ ಆಗುತ್ತದೆ.

ಉರಿದ ಕಾಡು, ಉದುರದ ಕಾಡು

ಈ ಎಲೆಗಳ ಬೆನ್ನ ಹಿಂದೆ ಒಂದು ಚರಿತ್ರೆ ಇದೆ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. 1918ರಲ್ಲಿ ಇಲ್ಲಿ ಸ್ಥಾಪನೆಯಾದ ಕಾರ್ಖಾನೆಯ ಮೊದಲ ಹೆಸರಿನಲ್ಲೇ 'ವುಡ್ ಡಿಸ್ಟಿಲೇಷನ್' ಇತ್ತು. ಕಲ್ಲಿದ್ದಲಿಲ್ಲದ ಮೈಸೂರು ಸಂಸ್ಥಾನ ಕಾಡಿನ ಸೌದೆಯನ್ನು ಇದ್ದಿಲು ಮಾಡಿ, ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿತು. 1923ರಲ್ಲಿ ಕಬ್ಬಿಣ ಹರಿಯಿತು. ಊರಿಗೆ ಅನ್ನ ಕೊಟ್ಟ ಕುಲುಮೆಗೆ ಸುತ್ತಲ ಕಾಡು ಸೌದೆಯಾಯಿತು.

ಮುಂದೆ ಮೈಸೂರು ಕಾಗದ ಕಾರ್ಖಾನೆಗೆ ತಿರುಳು ಒದಗಿಸಲು 1980ರಿಂದ ನಲವತ್ತು ವರ್ಷಗಳ ಗುತ್ತಿಗೆಯಲ್ಲಿ ಸಾವಿರಾರು ಹೆಕ್ಟೇರ್ ಅರಣ್ಯಭೂಮಿ ನೆಡುತೋಪಾಯಿತು. ಅಲ್ಲಿ ಬಂದದ್ದು ಅಕೇಶಿಯಾ, ನೀಲಗಿರಿ. ಆ ಅವಧಿ ಮುಗಿದ 2020ರಲ್ಲಿ 'ಅಕೇಶಿಯಾ ಬೇಡ' ಎಂಬ ಕೂಗು ಜಿಲ್ಲೆಯಲ್ಲಿ ಗಟ್ಟಿಯಾಗಿ ಎದ್ದಿತು. ಅಕೇಶಿಯಾ ತೋಪಿನಲ್ಲಿ ಜನವರಿಗೂ ಜುಲೈಗೂ ಹೆಚ್ಚು ವ್ಯತ್ಯಾಸವಿಲ್ಲ. ಒಮ್ಮೆಲೇ ಬೋಳಾಗುವುದಿಲ್ಲ, ಒಮ್ಮೆಲೇ ಕೆಂಪಗೆ ಚಿಗುರುವುದೂ ಇಲ್ಲ. ಋತುವೇ ಇಲ್ಲದ ಕಾಡು ಅದು. ಕ್ಯಾಮೆರಾ ಹಿಡಿದು ಅದರ ಪಕ್ಕ ಒಂದು ಮತ್ತಿ ಮರವನ್ನು ನೋಡಿದವರಿಗೆ ಕಳೆದುಕೊಂಡದ್ದೇನೆಂದು ಭಾಷಣವಿಲ್ಲದೆ ತಿಳಿಯುತ್ತದೆ.

ಉದುರಿದ ಎಲೆಯೂ ಕಸವಲ್ಲ. ಮಲೆನಾಡಿನ ರೈತರು ದರಗು ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಾರೆ. ಅದೇ ಗೊಬ್ಬರವಾಗಿ ಅಡಿಕೆ ತೋಟ ಸೇರುತ್ತದೆ. ಕಾಡಿನಲ್ಲಿ ಉಳಿದದ್ದು ಮಣ್ಣಾಗುತ್ತದೆ. ಬೇಸಿಗೆಯಲ್ಲಿ ಒಂದು ಬೀಡಿಯ ಕಿಡಿಗೆ ಅದು ಕಾಳ್ಗಿಚ್ಚೂ ಆಗಬಲ್ಲದು. ಆದ್ದರಿಂದ ಎಲೆಯ ಚಿತ್ರಕ್ಕೆ ಹೋಗುವವರು ಬೆಂಕಿಪೊಟ್ಟಣ ಮನೆಯಲ್ಲೇ ಬಿಟ್ಟು ಹೋಗುವುದು ಮೊದಲ ನಿಯಮ.

ಒಂದೇ ಮರ ಸಾಕು

ಕೊನೆಯದಾಗಿ ಒಂದು ಸಲಹೆ. ನೂರು ಜಾಗ ಸುತ್ತುವ ಬದಲು ಮನೆಯ ಹತ್ತಿರದ ಒಂದು ಮರ ಗೊತ್ತುಮಾಡಿಕೊಳ್ಳಿ. ಹೊಂಗೆಯೋ ಅರಳಿಯೋ ಬೀದಿಯ ಬಾದಾಮಿಯೋ ಯಾವುದಾದರೂ ಸರಿ. ಸಂಕ್ರಾಂತಿಯಿಂದ ಯುಗಾದಿಯವರೆಗೆ ಪ್ರತಿ ಭಾನುವಾರ ಅದೇ ಜಾಗದಲ್ಲಿ ನಿಂತು, ಅದೇ ಹೊತ್ತಿಗೆ ಒಂದೇ ಒಂದು ಚಿತ್ರ ತೆಗೆಯಿರಿ. ತಾರೀಖು ಬರೆದಿಡಿ. ಎಂಟು–ಹತ್ತು ಚಿತ್ರ ಸಾಲಾಗಿಟ್ಟರೆ ಮರ ಬೋಳಾಗಿ ಮತ್ತೆ ತುಂಬಿಕೊಂಡ ಕತೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಐದಾರು ವರ್ಷ ಹೀಗೆ ಮಾಡಿದರೆ ನಿಮ್ಮ ಬೀದಿಯ ಹವಾಮಾನದ ದಾಖಲೆಯೇ ಕೈಯಲ್ಲಿರುತ್ತದೆ. ದೇಶದ ಸಾಮಾನ್ಯ ಜನರಿಂದ ಇಂಥ ಟಿಪ್ಪಣಿಗಳನ್ನೇ ಕಲೆಹಾಕುವ 'ಸೀಸನ್‌ವಾಚ್' ಎಂಬ ಯೋಜನೆಯೂ ಇದೆ. ಶಾಲಾ ಮಕ್ಕಳು ಕೂಡ ಅದರಲ್ಲಿ ಪಾಲ್ಗೊಳ್ಳುತ್ತಾರೆ.

ರಸ್ತೆ ಅಗಲ ಮಾಡುವಾಗ, ಸೈಟು ಸಮ ಮಾಡುವಾಗ ಮೊದಲು ಹೋಗುವುದು ಬೋಳಾಗಿ ನಿಂತ ಮರ. ಒಣಗಿದೆ ಎಂದುಬಿಡುವುದು ಸುಲಭ. ಅದು ಒಣಗಿಲ್ಲ, ಫಾಲ್ಗುಣ ಕಳೆಯಲೆಂದು ಕಾಯುತ್ತಿದೆ ಎಂದು ಹೇಳಲು ನಿಮ್ಮ ಬಳಿ ಹೋದ ವರ್ಷದ ಚಿತ್ರವಿದ್ದರೆ ಆ ಮರಕ್ಕೊಬ್ಬ ಸಾಕ್ಷಿ ಸಿಕ್ಕಂತೆ.